ರಬ್ಬರಿನ ಪರವಾಗಿ

ಕಾರಿನ ಎಂಜಿನ್ನನ್ನು ಹೊತ್ತಿರುವ ರಬ್ಬರಿನ ಮೌಂಟಿಂಗುಗಳನ್ನು ಕಿತ್ತು, ಅಲ್ಲಿ ಗಡಸು ಪಾಲಿಯೂರಿಥೇನಿನವನ್ನು ಕೂಡಿಸುವ ಹುಚ್ಚು ನಮ್ಮ ನಡುವಿನ ವಿವೇಕಿಗಳಿಗೂ ಹತ್ತಿದೆ. ಹಾಗೆ ಮಾಡಿಸಿಕೊಂಡವರೆಲ್ಲ ಹೇಳುವುದು ಒಂದೇ ಮಾತು: ‘ಈಗ ಗಾಡಿ ನನ್ನೊಡನೆ ಮಾತಾಡುತ್ತದೆ.’ ಪುಣೆಯಿಂದ ಕಾತ್ರಜ್ ಘಾಟಿಯವರೆಗೆ ಗೆಳೆಯರೊಬ್ಬರ ಅಂಥ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತು ಹೋದಾಗ ಆ ಮಾತು ಎಂಥದೆಂದು ನನಗೂ ತಿಳಿಯಿತು. ಪಕ್ಕದಲ್ಲಿದ್ದ, ಎಪ್ಪತ್ತು ದಾಟಿದ ಅವರ ತಾಯಿ, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಎದುರಿನ ಸೀಟನ್ನು ಹಿಡಿದುಕೊಳ್ಳುತ್ತಿದ್ದರು. ‘ಇದಕ್ಕೇನು ಚಳಿಜ್ವರ ಬಂದದೇನು?’ ಎಂದು ಮೆಲ್ಲಗೆ ಕೇಳಿದರು. ಮಗನಿಗೆ ಕೇಳಿಸಲಿಲ್ಲ.

ರಬ್ಬರೆಂಬುದು ಸೋಮಾರಿ ಗಿರಾಕಿಯನ್ನು ಓಲೈಸಲು ಕಾರ್ಖಾನೆಯವರು ಹೊದಿಸಿದ ಮುಸುಕು, ಅದನ್ನು ತೆಗೆದರೆ ಯಂತ್ರದ ನಿಜರೂಪ ಕಾಣುತ್ತದೆ ಎಂಬುದು ಇವರ ನಂಬಿಕೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ತೂಗಿಬಿಟ್ಟು ಅದಕ್ಕೆ ‘ಫ್ಲೋಟಿಂಗ್ ಪವರ್’ ಎಂದು ಹೆಸರಿಟ್ಟಿತು. ಎಂಜಿನ್ ತಾನಾಗಿ ಯಾವ ಅಕ್ಷದ ಸುತ್ತ ಹೊರಳಬಯಸುತ್ತದೆಂದು ಕಂಡುಕೊಂಡು, ಅದಕ್ಕೆ ಹೊಂದುವಂತೆ ಆಧಾರಗಳನ್ನಿಟ್ಟದ್ದು ಅದರ ಹೆಚ್ಚುಗಾರಿಕೆ. ಫ್ರಾನ್ಸಿನ ಸಿಟ್ರೊಯೆನ್ ಆ ತಂತ್ರದ ಹಕ್ಕನ್ನು ಪಡೆದು, ತೇಲುವ ಹಂಸವನ್ನೇ ತನ್ನ ಲಾಂಛನಕ್ಕೆ ಸೇರಿಸಿಕೊಂಡಿತು. ಇದು ಮುಸುಕಲ್ಲ, ಎಂಜಿನ್ನಿನ ಸ್ವಭಾವವನ್ನು ಬಲ್ಲವರ ಕೆಲಸ.

ಸಾಹಿತ್ಯ ಓದಿದವನು ಲೆಕ್ಕ ಹೇಳಹೊರಟನೆಂದು ನಗಬೇಡಿ, ಲೆಕ್ಕ ಸುಲಭವಾಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲಿ ನಿಮಿಷಕ್ಕೆ 800 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 27 ಬಾರಿ ಸಿಡಿಯುತ್ತದೆ. ಮೌಂಟಿಂಗಿನ ಮೇಲಿನ ಅದರ ಸಹಜ ತೂಗಾಟ ಸೆಕೆಂಡಿಗೆ 10 ಬಾರಿ ಎಂದಿಟ್ಟುಕೊಳ್ಳಿ. ಆಗ ನಡುಕದ ಆರರಲ್ಲೊಂದು ಪಾಲು ಮಾತ್ರ ಕಾರಿನ ಮೈಗೆ ದಾಟುತ್ತದೆ. ಮೌಂಟಿಂಗನ್ನು ನಾಲ್ಕು ಪಟ್ಟು ಬಿಗಿಗೊಳಿಸಿದರೆ ಆ ತೂಗಾಟ 20ಕ್ಕೇರುತ್ತದೆ. ಸಹಜ ತೂಗಾಟದ ಸುಮಾರು 1.4 ಪಟ್ಟಿಗಿಂತ ವೇಗದ ಕಂಪನವನ್ನಷ್ಟೇ ಯಾವ ಮೌಂಟಿಂಗಾದರೂ ತಡೆಯಬಲ್ಲದು, ಅಂದರೆ ಇಲ್ಲಿ 28ರ ಮೇಲಿನದನ್ನು. 27 ಅದರ ಕೆಳಗೆ ಬಿತ್ತು. ತಡೆಯಬೇಕಾದದ್ದೇ ನಡುಕವನ್ನು ಹಿಗ್ಗಿಸಿ ಒಳಗೆ ಕಳಿಸುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರಿನಲ್ಲಂತೂ ಅದೇ 800 ಸುತ್ತಿಗೆ ಸರಿಯಾಗಿ 20 ಸಿಡಿತ. ಎರಡೂ ಒಂದೇ ತಾಳಕ್ಕೆ ಬಂದರೆ ಏನಾಗುತ್ತದೆಂದು ಆ ತಾಯಿಯನ್ನು ಕೇಳಬೇಕು.

ಇವರ ಹೋಲಿಕೆಯೇ ವಕ್ರ. ವರ್ಷಾನುಗಟ್ಟಲೆ ಕಾವು ತಿಂದು, ಎಣ್ಣೆ ಕುಡಿದು, ಬಿರುಕುಬಿಟ್ಟು ಜೋತುಬಿದ್ದ ಹಳೆಯ ರಬ್ಬರನ್ನು ತೆಗೆದು ಹೊಸ ಪಾಲಿಯೂರಿಥೇನ್ ಹಾಕಿಸುತ್ತಾರೆ. ಗೇರು ಚುರುಕಾಗಿ ಬೀಳುತ್ತದೆ, ಆಕ್ಸಿಲರೇಟರ್ ತುಳಿದೊಡನೆ ಗಾಡಿ ಮುನ್ನುಗ್ಗುತ್ತದೆ. ಆ ಗುಣದಲ್ಲಿ ಹೊಸತನದ ಪಾಲೆಷ್ಟು, ಗಡಸುತನದ ಪಾಲೆಷ್ಟು? ಹೊಸ ಮೂಲ ರಬ್ಬರನ್ನೇ ಹಾಕಿಸಿ ನೋಡಿದವರು ಈ ಗುಂಪಿನಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಕನ್ನಡಕದ ಗಾಜು ಒರೆಸಿಕೊಳ್ಳದೆ ಕಣ್ಣಿನ ಶಸ್ತ್ರಚಿಕಿತ್ಸೆಗೆ ಹೊರಟವರಂತೆ ಇವರು.

ಇನ್ನು ‘ರಸ್ತೆ ಕೈಗೆ ತಿಳಿಯುತ್ತದೆ’ ಎಂಬ ಬಡಾಯಿ. ರಸ್ತೆ ಕೈಗೆ ತಿಳಿಯುವುದು ಟೈರು, ಸಸ್ಪೆನ್ಷನ್ ಮತ್ತು ಸ್ಟಿಯರಿಂಗುಗಳ ಮೂಲಕ. ಗಡಸು ಮೌಂಟಿಂಗು ಮುಖ್ಯವಾಗಿ ತಲುಪಿಸುವುದು ಎಂಜಿನ್ನಿನ ಗೊಣಗಾಟವನ್ನು. ಆ ಗದ್ದಲದಲ್ಲಿ ರಸ್ತೆಯ ಸೂಕ್ಷ್ಮವೇ ಮುಳುಗುತ್ತದೆ.

ಪಂದ್ಯದ ಕಾರಿನ ಮಾತು ಬೇರೆ. ಅಲ್ಲಿ ಎಂಜಿನ್ ಅಲುಗದಿರುವುದು ಮುಖ್ಯ, ಹಿಂದಿನ ಸೀಟಿನಲ್ಲಿ ಯಾರ ತಾಯಿಯೂ ಇರುವುದಿಲ್ಲ. ದಿನಬಳಕೆಯ ಗಾಡಿಯಲ್ಲೂ ಎಂಜಿನ್ನಿನ ಹೊರಳಾಟ ಕಡಿಮೆಯಾಗಲೇಬೇಕು ಎನ್ನುವವರಿಗೆ ನಡುದಾರಿಯೊಂದಿದೆ. ಅಡ್ಡಲಾಗಿ ಕೂರಿಸಿದ ಎಂಜಿನ್ನುಳ್ಳ ಬಹಳಷ್ಟು ಕಾರುಗಳಲ್ಲಿ ಕೆಳಗಡೆ ಟಾರ್ಕ್ ರಾಡ್ ಎಂಬ ಒಂದು ತುಂಡಿರುತ್ತದೆ. ಭಾರ ಹೊರುವುದು ಮೇಲಿನ ಮೌಂಟಿಂಗುಗಳು. ಇದರ ಕೆಲಸ ಹೊರಳಾಟವನ್ನು ಹಿಡಿದಿಡುವುದಷ್ಟೇ. ಅದೊಂದರ ಬುಶ್ಶನ್ನು ತುಸು ಗಟ್ಟಿ ಮಾಡಿಸಿದರೆ ಗೇರಿನ ಸುಖದಲ್ಲಿ ಒಂದಂಶ ಸಿಗುತ್ತದೆ, ನಡುಕವೂ ಅಷ್ಟೊಂದು ಏರುವುದಿಲ್ಲ. ಆದರೆ ಮೊದಲು ಮೂಲ ಮೌಂಟಿಂಗುಗಳನ್ನು ಹೊಸದಾಗಿ ಹಾಕಿಸಿ, ಒಂದು ತಿಂಗಳು ಓಡಿಸಿ ನೋಡಬೇಕು.

ನನ್ನ ಗೆಳೆಯರು ಬಿಚ್ಚಿಸಿದ ಹಳೆಯ ರಬ್ಬರುಗಳನ್ನು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದಾರೆ, ಬೇಕಾದರೆ ಮರಳಿ ಹಾಕಿಸಬಹುದೆಂದು. ಅವನ್ನು ಗುಜರಿಗೆ ಕೊಟ್ಟು ಹೊಸವನ್ನು ತರಿಸಿರಿ ಎಂದು ಹೇಳಿದ್ದೇನೆ.