ದೀಕ್ಷಾಸ್ನಾನ ಮತ್ತು ಹೊಸ ಹುಟ್ಟು

ಮನೆಯ ಮಗನೊಬ್ಬ ದೀಕ್ಷಾಸ್ನಾನ ಪಡೆದನೆಂದೊಡನೆ ‘ಇನ್ನು ಅವನು ನಮ್ಮವನಲ್ಲ’ ಎನ್ನುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು.

ಕ್ಯಾಥೊಲಿಕರು ಜ್ಞಾನಸ್ನಾನವೆಂದು ಕರೆಯುವ ಈ ಸಂಸ್ಕಾರದ ಅರ್ಥ, ಪಾಪದ ಹಳೆಯ ಬಾಳಿಗೆ ಸತ್ತು ಕ್ರಿಸ್ತನಲ್ಲಿ ಮರಳಿ ಹುಟ್ಟುವುದು. ಮುದುಕನಾದವನು ಮತ್ತೆ ಹುಟ್ಟುವುದೆಂತು ಎಂದು ನಿಕೊದೇಮನು ಕೇಳಿದಾಗ, ಯೇಸು ಹೇಳಿದ್ದು ನೀರಿನಿಂದಲೂ ಆತ್ಮದಿಂದಲೂ ಆಗುವ ಹುಟ್ಟಿನ ವಿಷಯ. ಕೆಲವು ಸಭೆಗಳು ಶಿಶುಗಳಿಗೇ ಈ ಸ್ನಾನ ಕೊಡುತ್ತವೆ. ಕೆಲವು, ತಿಳಿದು ನಂಬಿದವರನ್ನಷ್ಟೇ ನೀರಿನಲ್ಲಿ ಮುಳುಗಿಸುತ್ತವೆ. ಎರಡೂ ಕಡೆ ಬದಲಾಗಬೇಕಾದುದು ನಡತೆ.

1844ರಲ್ಲಿ ಮಂಗಳೂರಿನ ಬಾಸೆಲ್ ಮಿಶನಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾಯರು ಹರ್ಮನ್ ಎಂಬ ಹೊಸ ಹೆಸರು ಪಡೆದರೂ ಕೌಂಡಿನ್ಯ ಎಂಬ ಹಳೆಯ ಹೆಸರನ್ನು ಬಿಡಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸರು ದುಡಿದ ಕನ್ನಡ ಬೈಬಲು 1831ರಲ್ಲಿ ಪೂರ್ಣವಾಯಿತು. ಆ ಬಳ್ಳಾರಿಯ ನೆರೆಯಲ್ಲೇ ಇದ್ದು ಆಂಧ್ರಕ್ಕೆ ಸೇರಿದ ಬೊಮ್ಮನಹಾಳಿನ ಕನ್ನಡಿಗನಾಗಲಿ, ನಮ್ಮ ಕಾಸರಗೋಡಿನವನಾಗಲಿ, ಮರಳಿ ಹುಟ್ಟಲು ಮನೆಮಾತನ್ನು ತೊರೆಯಬೇಕಾಗಿಲ್ಲ.

ಮೊದಲೇ ಅಲ್ಪಸಂಖ್ಯಾತರಾದ ನಾವು ನಮ್ಮವರನ್ನು ನಾವೇ ಹೊರಗಿಡುವುದು ಸಲ್ಲದು. ದೀಕ್ಷೆ ಪಡೆದವರೂ ಹೆತ್ತವರ ನಂಬಿಕೆಯನ್ನು ಹಳಿಯದಿರಲಿ. ಹುಟ್ಟು ಹೊಸದಾಯಿತೋ ಇಲ್ಲವೋ ಎಂಬುದನ್ನು ನೆರೆಹೊರೆಯವರು ಅವರ ನಡೆಯಲ್ಲೇ ಕಂಡುಕೊಳ್ಳುತ್ತಾರೆ.