ಒಂಬತ್ತು ದಿನ, ಮೂರು ಮನೆ

ಐದು ದಿನ ರಜೆ ಹಾಕಿದರೆ ಹಿಂದೆ ಮುಂದೆ ಶನಿವಾರ, ಭಾನುವಾರ ಸೇರಿ ಒಂಬತ್ತು ದಿನ. ಬೆಂಗಳೂರಿನ ಐಟಿ ಮಂದಿಗೆಲ್ಲ ಬಾಯಿಪಾಠ ಆಗಿರೋ ಲೆಕ್ಕ ಇದು. ನಮ್ಮ ಮನೆಯಲ್ಲಿ ಅದಾದ ಮೇಲೆ ಇನ್ನೊಂದು ಲೆಕ್ಕ ಇತ್ತು: ಆ ಒಂಬತ್ತನ್ನು ಮೂರು ಮನೆಗೆ ಹಂಚಬೇಕು.

ನನ್ನ ಅತ್ತೆಮನೆ ಬಳ್ಳಾರಿ. ತವರು ಸಿರುಗುಪ್ಪ. ಅಮ್ಮನ ಅಮ್ಮ, ಅಂದರೆ ನಮ್ಮಜ್ಜಿ ಇರೋದು ಕುರುಗೋಡಿನಲ್ಲಿ. ಮ್ಯಾಪಿನಲ್ಲಿ ನೋಡಿದರೆ ಮೂರೂ ಅಕ್ಕಪಕ್ಕದಲ್ಲೇ. ಬಳ್ಳಾರಿಯಿಂದ ಕುರುಗೋಡು 30 ಕಿಲೋಮೀಟರ್ ಆಸುಪಾಸು, ಸಿರುಗುಪ್ಪ 50 ಚಿಲ್ಲರೆ. "ಒಂದೇ ಸಲಕ್ಕೆ ಎಲ್ಲ ಮುಗಿಸಿ ಬಂದುಬಿಡೋಣ" ಅನ್ನೋ ಆಸೆ ಹುಟ್ಟೋದೇ ಇದರಿಂದ.

ನಾಲ್ಕು ವರ್ಷ ಹಾಗೇ ಮಾಡಿದ್ವಿ. ಶುಕ್ರವಾರ ರಾತ್ರಿ ಹಂಪಿ ಎಕ್ಸ್‌ಪ್ರೆಸ್, ಶನಿವಾರ ಬೆಳಿಗ್ಗೆ ಬಳ್ಳಾರಿ. ನಾಲ್ಕು ದಿನ ಅತ್ತೆಮನೆ, ಮೂರೂವರೆ ದಿನ ಸಿರುಗುಪ್ಪ, ಅರ್ಧ ದಿನ ಕುರುಗೋಡು, ಕೊನೇ ದಿನ ಮತ್ತೆ ಬಳ್ಳಾರಿಗೆ ಬಂದು ರಾತ್ರಿ ರೈಲು. ಇಷ್ಟು ಅಳೆದು ಹಂಚಿದರೂ ಯಾರಿಗೂ ಸಮಾಧಾನ ಇಲ್ಲ. ಅತ್ತೆ, "ಬ್ಯಾಗ್ ಬಿಚ್ಚೋದ್ರೊಳಗೆ ಹೊಂಟ್ರಿ ನೋಡು" ಅನ್ನೋರು. ಅಮ್ಮ ಏನೂ ಅನ್ನುತ್ತಿರಲಿಲ್ಲ. ಅದು ಇನ್ನೂ ಕಷ್ಟ.

ಮಕ್ಕಳ ಪಾಡು ಬೇರೆ. ಬೇರೆ ಮನೆ, ಬೇರೆ ಹಾಸಿಗೆ, ಬೇರೆ ನೀರಿಗೆ ಒಗ್ಗಿಕೊಳ್ಳೋಕೆ ನಮ್ಮ ಮಕ್ಕಳಿಗೆ ಎರಡು ದಿನವಾದರೂ ಬೇಕು. ಒಗ್ಗುವಷ್ಟರಲ್ಲಿ ಮುಂದಿನ ಮನೆಗೆ ಹೊರಡಬೇಕು. ಅದೂ ಬಳ್ಳಾರಿ ಬಿಸಿಲು 40 ಡಿಗ್ರಿ ದಾಟೋ ಏಪ್ರಿಲ್ ತಿಂಗಳಲ್ಲಿ. ಕಳೆದ ಏಪ್ರಿಲ್‌ನಲ್ಲಿ ಸಿರುಗುಪ್ಪ ತಲುಪಿದ ರಾತ್ರಿಯೇ ದೊಡ್ಡವನಿಗೆ ಭೇದಿ ಶುರುವಾಯ್ತು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕರಗಿಸಿ, ಚಮಚ ಚಮಚವಾಗಿ ಕುಡಿಸುತ್ತಾ ಕೂತೆ. ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಆ ವಾರ ನಮ್ಮ ಟೀಮಿನ ರಿಲೀಸ್. ಕಾಗದದ ಮೇಲೆ ಮಾತ್ರ ನಾನು ರಜೆಯಲ್ಲಿದ್ದೆ.

ಆ ಸಲ ಕುರುಗೋಡಿಗೆ ಸಿಕ್ಕಿದ್ದು ಮೂರೇ ಗಂಟೆ. ಹೊರಗೆ ಬಾಡಿಗೆ ಕಾರಿನವನು ಕಾಯ್ತಿದ್ದ. ಅಜ್ಜಿ ಬಾಗಿಲಿನವರೆಗೂ ಗೋಡೆ ಹಿಡಿದು ಬಂದು ಹೇಳಿದರು: "ಬಂದ್ರಿ, ಕುಂತ್ರಿ, ಹೊಂಟ್ರಿ. ನಮ್ಮೂರ ಬಸ್ಸೇ ನಿಮಗಿಂತ ಜಾಸ್ತಿ ಹೊತ್ತು ನಿಂತ್ಕಂತೈತಿ."

ಎಲ್ಲರೂ ನಕ್ಕಿದ್ದಾಯ್ತು. ಕಾರು ಬಳ್ಳಾರಿ ರೋಡಿಗೆ ಬಿದ್ದ ಮೇಲೆ ನಾನೂ ನನ್ನ ಗಂಡನೂ ಮಾತಾಡಲಿಲ್ಲ.

ಬೆಂಗಳೂರಿಗೆ ಬಂದು ಒಂದು ತೀರ್ಮಾನ ಮಾಡಿದ್ವಿ. ಒಂದು ಸಲಕ್ಕೆ ಒಂದೇ ಮನೆ. ದಸರೆಗೆ ಬಳ್ಳಾರಿ. ಸಂಕ್ರಾಂತಿಗೆ ಕುರುಗೋಡು. ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯೋ ಆಗಸ್ಟ್‌ನಲ್ಲಿ ಸಿರುಗುಪ್ಪ. ದೊಡ್ಡವನು ಒಂದನೇ ಕ್ಲಾಸಿಗೆ ಸೇರುವವರೆಗೂ ಬೇಸಿಗೆ ರಜೆಗೇ ಕಾಯಬೇಕು ಅನ್ನೋ ಕಟ್ಟಿಲ್ಲ. ಬಿಸಿಲೂ ತಪ್ಪುತ್ತೆ.

ರಜೆ ಎಲ್ಲಿಂದ ತರೋದು? ಕೂತು ನೋಡಿದರೆ ಅದೇನೂ ಅಂಥ ಕಷ್ಟದ ಲೆಕ್ಕ ಅಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ 20 ದಿನ ಕೆಲಸ ಮಾಡಿದರೆ ಒಂದು ದಿನ ಸಂಬಳ ಸಹಿತ ರಜೆ. ವರ್ಷಕ್ಕೆ 240 ದಿನ ಕೆಲಸ ಅಂದ್ಕೊಂಡರೂ 12 ಆಯ್ತು. ಎಷ್ಟೋ ಕಂಪನಿಗಳು ಇದಕ್ಕಿಂತ ಹೆಚ್ಚೇ ಕೊಡ್ತವೆ. ಹಬ್ಬದ ರಜೆ ಜೊತೆ ಸೇರಿಸಿಕೊಂಡರೆ ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಹನ್ನೆರಡು. ನನ್ನ ಖಾತೆಯಲ್ಲಿ ರಜೆ ಇತ್ತು. ಕೇಳೋ ಧೈರ್ಯ ಇರಲಿಲ್ಲ ಅಷ್ಟೇ.

ಅತ್ತೆಗೆ ಹೇಳೋದು ಮ್ಯಾನೇಜರ್‌ಗೆ ಹೇಳೋದಕ್ಕಿಂತ ಕಷ್ಟ. ಆ ಕೆಲಸ ನನ್ನ ಗಂಡನಿಗೆ ಬಿಟ್ಟೆ. ಅವರ ಅಮ್ಮ, ಅವರೇ ಹೇಳಲಿ. "ಅಂದ್ರೆ ಸಂಕ್ರಾಂತಿಗೆ ಬಳ್ಳಾರಿ ಸ್ಟೇಷನ್ನಾಗೆ ಇಳಿದು ನಮ್ಮನೆಗೆ ಬರದಂಗೆ ಹೋಗ್ತೀರೇನು?" ಅಂತ ಕೇಳಿ ಫೋನ್ ಇಟ್ಟರು. ಎರಡು ದಿನ ಆ ಕಡೆಯಿಂದ ಸುದ್ದಿ ಇಲ್ಲ. ಆದರೆ ದಸರೆಗೆ ಹೋಗಿ ಒಂಬತ್ತೂ ದಿನ ಅಲ್ಲೇ ಉಳಿದ್ವಿ. ಕನಕದುರ್ಗಮ್ಮನ ಗುಡಿಗೆ ಹೋಗಿ ಬಂದ್ವಿ. ಸಂಜೆ ಒಗ್ಗರಣೆ-ಮಿರ್ಚಿ ತಿಂದ್ವಿ. ಮಾವ ದಿನಾ ಚಿಕ್ಕವಳನ್ನ ಹೆಗಲ ಮೇಲೆ ಕೂಡಿಸ್ಕೊಂಡು ಕೋಟೆ ಗುಡ್ಡ ತೋರಿಸೋಕೆ ಹೊರಟರೆ, ಐದನೇ ದಿನದಿಂದ ಆಕೆ ನನ್ನ ಹತ್ತಿರ ಬರೋದನ್ನೇ ಬಿಟ್ಟಳು. ಹೊರಡೋ ದಿನ ಅತ್ತೆಯೇ, "ಸಂಕ್ರಾಂತಿಗೆ ಅಜ್ಜಿ ಹತ್ರ ಹೋಗಿ ಬರ್ರಿ. ವಯಸ್ಸಾಗೈತಿ ಪಾಪ" ಅಂದರು.

ಆಫೀಸಿನಲ್ಲಿ ಎರಡು ತಿಂಗಳು ಮೊದಲೇ ಹೇಳಿದೆ. ಹೇಗೂ ರೈಲು ಟಿಕೆಟ್ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ. ಟಿಕೆಟ್ ಬುಕ್ ಮಾಡಿದ ದಿನವೇ ರಜೆ ಅರ್ಜಿಯನ್ನೂ ಹಾಕಿಬಿಡೋದು ಒಳ್ಳೇ ಅಭ್ಯಾಸ. ಹೊರಡೋ ವಾರ ಯಾವ ಕೆಲಸ ಎಲ್ಲಿಗೆ ನಿಂತಿದೆ, ಏನಾದರೂ ಕೆಟ್ಟರೆ ಯಾರನ್ನ ಕೇಳಬೇಕು ಅಂತ ಒಂದು ಪುಟ ಬರೆದು ಇಟ್ಟೆ. ಲ್ಯಾಪ್‌ಟಾಪ್ ಬೆಂಗಳೂರಿನ ಬೀರುವಿನಲ್ಲೇ ಬಿಟ್ಟೆ. ಒಂಬತ್ತು ದಿನದಲ್ಲಿ ಆಫೀಸಿನಿಂದ ಫೋನ್ ಬಂದಿದ್ದು ಒಂದೇ ಸಲ, ಹತ್ತು ನಿಮಿಷ. ನಾನಿಲ್ಲದೆಯೂ ಎಲ್ಲ ನಡೀತಿದೆ ಅಂತ ಸ್ವಲ್ಪ ಬೇಜಾರೂ ಆಯ್ತು, ಸುಳ್ಳು ಯಾಕೆ ಹೇಳಲಿ.

ಬಳ್ಳಾರಿಯಿಂದ ಕುರುಗೋಡಿಗೆ ಈ ಸಲ ಸರ್ಕಾರಿ ಬಸ್ಸಿನಲ್ಲೇ ಹೋದ್ವಿ. ನನಗೆ ಶಕ್ತಿ ಯೋಜನೆ, ಮಕ್ಕಳಿಬ್ಬರೂ ಆರು ವರ್ಷದ ಒಳಗಿನವರು. ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದು ನನ್ನ ಗಂಡ ಒಬ್ಬರೇ. ಮೊದಲೆರಡು ದಿನ ಮಕ್ಕಳು ನನ್ನ ಸೆರಗು ಬಿಡಲಿಲ್ಲ. ಮೂರನೇ ದಿನ ದೊಡ್ಡಬಸವೇಶ್ವರನ ಗುಡಿಗೆ ಕರ್ಕೊಂಡು ಹೋದೆ. ಒಂದೇ ಕಲ್ಲಿನ ಅಷ್ಟು ದೊಡ್ಡ ಬಸವಣ್ಣನನ್ನ ನೋಡಿ ದೊಡ್ಡವನು, "ಇದು ಎದ್ದು ನಿಂತ್ರೆ ಗುಡಿ ಬಿದ್ದೋಗತ್ತಾ?" ಅಂತ ಕೇಳಿದ. ಆ ಪ್ರಶ್ನೆಯನ್ನ ಮನೆಗೆ ಬಂದು ಮುತ್ತಜ್ಜಿಗೂ ಹಾಕಿದ. ಅವತ್ತಿಂದ ಅವರಿಬ್ಬರೂ ಜೋಡಿ.

ನಾವು ಸಿರುಗುಪ್ಪಕ್ಕೆ ಹೋಗಲ್ಲ ಅಂತ ಗೊತ್ತಾದಾಗ ಅಮ್ಮನೇ ಹೊರಟು ಬಂದರು. ಆಗ ಹೊಳೆದದ್ದು, ಕುರುಗೋಡು ಅಮ್ಮನಿಗೂ ತವರು. ಅಲ್ಲಿ ರಾತ್ರಿ ಉಳಿದು ಎಷ್ಟು ವರ್ಷ ಆಗಿತ್ತೋ, ಅಜ್ಜಿ ಪಕ್ಕದಲ್ಲಿ ಹಾಸಿಕೊಂಡು ಮಲಗಿದರು.

ಭೋಗಿ ಬಂದಿದ್ದು ಐದನೇ ದಿನ. ನಮ್ಮ ಕಡೆ ಅವತ್ತು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು. ಅಜ್ಜಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು, ದೊಡ್ಡವನು ಪಕ್ಕದಲ್ಲಿ. ಪ್ರತಿ ರೊಟ್ಟಿಗೂ ಅಜ್ಜಿ ಅವನನ್ನ ಕೇಳೋರು: "ಎಳ್ಳು ಎಲ್ಲಾ ಕಡೆ ಬಿದ್ದೈತೇನಪ್ಪಾ?" ಅವನು "ಇಲ್ಲಿಲ್ಲ" ಅಂತ ಬೆರಳಿಟ್ಟು ತೋರಿಸೋನು. ಅವನನ್ನ ಆಡಿಸ್ತಿದ್ದಾರೆ ಅಂದ್ಕೊಂಡೆ. ಆಮೇಲೆ ನೋಡಿದರೆ ಅಜ್ಜಿ ರೊಟ್ಟಿಯ ಅಂಚನ್ನು ಕಣ್ಣಲ್ಲಿ ನೋಡ್ತಿರಲಿಲ್ಲ, ಬೆರಳಲ್ಲಿ ಸವರಿ ಹುಡುಕ್ತಿದ್ದರು. ತೊಟ್ಟಿಯಲ್ಲಿ ಗೋಡೆ ಹಿಡಿದು ನಡೆಯೋದು, ಮಾತು ಕೇಳಿದ ಮೇಲೆ ಆ ಕಡೆ ತಿರುಗೋದು, ಟೀ ಲೋಟದೊಳಗೆ ಬೆರಳಿಟ್ಟು ಬಗ್ಗಿಸೋದು, ಎಲ್ಲ ಒಮ್ಮೆಗೇ ನೆನಪಾಯ್ತು.

"ಅಜ್ಜಿ, ಕಣ್ಣು ಕಾಣ್ತಿಲ್ವಾ?"

"ಪೊರೆ ಬಂದೈತಿ. ಒಂದು ಕಣ್ಣು ಏನೂ ಕಾಣಂಗಿಲ್ಲ, ಇನ್ನೊಂದು ಮಬ್ಬು. ಎರಡು ವರ್ಷಾತು."

"ನಮಗೆ ಯಾಕೆ ಹೇಳಲಿಲ್ಲ?"

"ಅರ್ಧ ದಿನಕ್ಕೆ ಬಂದೋರಿಗೆ ಇದನ್ನೆಲ್ಲ ಹೇಳಾಕಾಗತೈತೇನವಾ? ಬಂದಾಗ ನಿಮ್ಮ ಮುಖ ನೋಡಬೇಕೋ, ನನ್ನ ಕಣ್ಣಿನ ಕಥೆ ಹೇಳಬೇಕೋ?"

ಪಕ್ಕದಲ್ಲಿದ್ದ ಅಮ್ಮ ಒಂದು ಮಾತೂ ಆಡದೆ ಬಟ್ಟಲಲ್ಲಿ ಎಳ್ಳು ಆರಿಸುತ್ತಾ ಕೂತರು. ಅಮ್ಮನೂ ಹಬ್ಬಕ್ಕೆ, ಮದುವೆಗೆ ಅಂತ ಬಂದು ಅವತ್ತೇ ವಾಪಸ್ ಹೋಗೋ ಮಗಳೇ.

ಹಬ್ಬ ಮುಗಿದ ಮರುದಿನ ಅಜ್ಜಿಯನ್ನ ಬಳ್ಳಾರಿಗೆ ಕರ್ಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದ್ವಿ. ಪೊರೆ ಪೂರ್ತಿ ಬಲಿತಿದೆ, ಆಪರೇಷನ್ ಆಗಬೇಕು ಅಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್‌ಗೆ ದುಡ್ಡಿಲ್ಲ. ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ. ಆದರೆ ಆಮೇಲೆ ಕೆಲವು ವಾರ ಹೊತ್ತೊತ್ತಿಗೆ ಕಣ್ಣಿಗೆ ಹನಿ ಹಾಕೋಕೆ ಒಬ್ಬರು ಜೊತೆಗಿರಬೇಕು. ಆಪರೇಷನ್ ದಿನ ಸಿಕ್ಕಿದ್ದು ಎರಡು ವಾರ ಬಿಟ್ಟು. ನನ್ನ ರಜೆ ಭಾನುವಾರಕ್ಕೆ ಮುಗೀತಿತ್ತು. ಏನು ಮಾಡೋದು ಅಂತ ನಾನೂ ಅಮ್ಮನೂ ಮುಖ ಮುಖ ನೋಡ್ಕೊಳ್ಳೋವಾಗ ನಮ್ಮತ್ತೆ, "ನಮ್ಮನಿ ಏನು ದೂರ ಐತೇನು? ಹನಿ ನಾನು ಹಾಕ್ತೀನಿ" ಅಂದರು. ಅಜ್ಜಿ ಹದಿನೈದು ದಿನ ಅವರ ಮನೆಯಲ್ಲೇ ಇದ್ದರು.

ನಾಲ್ಕು ವರ್ಷ ಮೂರು ಮನೆಗೂ ಅನ್ಯಾಯ ಆಗಬಾರದು ಅಂತ ದಿನ ಹಂಚಿದ್ದೆ. ಆ ಮೂರು ಮನೆಯವರೂ ಒಬ್ಬರಿಗೊಬ್ಬರು ಆಗ್ತಾರೆ ಅನ್ನೋದು ಲೆಕ್ಕದಲ್ಲಿ ಇರಲೇ ಇಲ್ಲ. ನಿಮ್ಮ ಮನೆಯಲ್ಲೂ ಅರ್ಧ ದಿನದ ಪಾಲು ಬರೋರು ಒಬ್ಬರು ಇರಬಹುದು. ಮುಂದಿನ ರಜೆ ಅರ್ಜಿ ಹಾಕೋ ಮುಂಚೆ ಅವರ ಹೆಸರನ್ನ ಮೊದಲು ಬರೆದು ನೋಡಿ.

ಕಣ್ಣಿನ ಪಟ್ಟಿ ತೆಗೆದ ವಾರ ಅತ್ತೆ ವಿಡಿಯೋ ಕಾಲ್ ಮಾಡಿ ಫೋನನ್ನ ಅಜ್ಜಿ ಕೈಗೆ ಕೊಟ್ಟರು. ಅಜ್ಜಿ ದೊಡ್ಡವನನ್ನ ಸುಮಾರು ಹೊತ್ತು ನೋಡಿದರು. ಆಮೇಲೆ ನನಗೆ ಹೇಳಿದರು: "ಇವನು ನಿನ್ನಂಗಿಲ್ಲ ಬಿಡು. ನಿಮ್ಮಪ್ಪನಂಗ ಅದಾನ. ಆಗಸ್ಟ್‌ನಾಗ ಸಿರುಗುಪ್ಪಕ್ಕ ಬರ್ತೀರಂತಲ್ಲ, ನಾನೂ ಬರ್ತೀನಿ."