ತಾನೇ ಹುಲ್ಲು ಕತ್ತರಿಸುವ ಯಂತ್ರ

ಸ್ವೀಡನ್ ದೇಶದ ಹಸ್ಕ್‌ವರ್ನಾ ಕಂಪೆನಿಯು ಬಿಸಿಲಿನ ಬಲದಿಂದ ತಾನಾಗಿ ನಡೆದು ಹುಲ್ಲು ಕತ್ತರಿಸುವ ಯಂತ್ರವೊಂದನ್ನು 1995ರಲ್ಲಿ ಹೊರತಂದಿತು. ಈಗ ಇಂತಹ ರೋಬಾಟುಗಳು ಯೂರೋಪಿನ ಮನೆದೋಟಗಳಲ್ಲಿ ಸಾಮಾನ್ಯವಾಗಿವೆ. ಅಲ್ಲಿ ನೆಲೆಸಿ, ಮಿತವ್ಯಯದಲ್ಲಿ ಇದನ್ನು ಕೊಳ್ಳಬಯಸುವ ನಮ್ಮ ವಾಚಕರಿಗಾಗಿ ಕೆಲವು ಮಾತುಗಳನ್ನು ಬರೆಯುತ್ತೇವೆ.

ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು ಹುಲ್ಲುನೆಲವನ್ನು ಅಳೆಯತಕ್ಕದ್ದು. ಯಂತ್ರದ ಸಾಮರ್ಥ್ಯವು ಆ ಅಳತೆಗಿಂತ ತುಸು ಹೆಚ್ಚಿದ್ದರೆ ಸಾಕು. ಬಹಳ ಹೆಚ್ಚಾದರೆ ಹಣವು ವ್ಯರ್ಥವೇ ಸರಿ. ಇಳಿಜಾರನ್ನೂ ನೋಡಬೇಕು: ಶೇಕಡಾ 35 ಎಂದರೆ 100 ಅಡಿ ಮುಂದೆ ಸಾಗುವಷ್ಟರಲ್ಲಿ 35 ಅಡಿ ಏರು ಎಂದರ್ಥ. ಅಂಚಿನಲ್ಲಿ ಹಾಸಿದ ತಂತಿಯನ್ನು ಎಲ್ಲೆಯಾಗಿ ಅರಿಯುವ ಯಂತ್ರಗಳು ಸಾಮಾನ್ಯವಾಗಿ ಅಗ್ಗ. ತಂತಿ ಹಾಸುವ ಶ್ರಮ ಮಾತ್ರ ನಮ್ಮದು. ಉಪಗ್ರಹದ ಸಂಕೇತವನ್ನೇ ನಂಬಿದವುಗಳಿಗೆ ಆಕಾಶವು ತೆರೆದಿರಬೇಕು. ದಟ್ಟವಾದ ಮರಗಳ ಕೆಳಗೆ ಅವು ದಾರಿ ತಪ್ಪುವುದುಂಟು.

ಎತ್ತಿದೊಡನೆ ಅಲಗು ನಿಲ್ಲುವ ಏರ್ಪಾಡು ಅವಶ್ಯವಾಗಿ ಇರಬೇಕು. ಹಾಗಿದ್ದರೂ ಮಕ್ಕಳು ಆಡುವಾಗ ಯಂತ್ರವನ್ನು ನಡೆಸಕೂಡದು. ರಾತ್ರಿಯಲ್ಲಿಯೂ ಸಲ್ಲದು. ಹೆಜ್‌ಹಾಗ್ ಎಂಬ ಮುಳ್ಳುಮೈಯ ಸಾಧುಪ್ರಾಣಿಯು ಸಂಚರಿಸುವುದು ಆಗಲೇ. ಅಪಾಯ ಬಂದಾಗ ಅದು ಓಡದೆ ಮುದುಡಿಕೊಳ್ಳುವುದರಿಂದ ಅಲಗಿಗೆ ಸಿಲುಕುತ್ತದೆ. ಬೆಲೆಯಲ್ಲಿ ಉಳಿತಾಯ ಮಾಡಬಹುದು. ಈ ಎಚ್ಚರಿಕೆಯಲ್ಲಿ ಮಾಡಬಾರದೆಂಬುದೇ ನಮ್ಮ ವಿಜ್ಞಾಪನೆ.